ವಯಸ್ಸಾದ ಕಣ್ಣಿಗೆ ಎಂಟು ನಲವತ್ತೆರಡು: ಸುಂಟಿಕೊಪ್ಪದ ಮಳೆ ಕಂಡ ಬೈನಾಕ್ಯುಲರ್

ಬೈನಾಕ್ಯುಲರ್ ಬಗ್ಗೆ ಬರೆಯುವವರು ಹೆಚ್ಚಾಗಿ ಹುಡುಗರು. ಗಟ್ಟಿ ಕೈ, ಚುರುಕು ಕಣ್ಣು, ಬೆನ್ನಿಗೊಂದು ಚೀಲ. ಅರವತ್ತು ದಾಟಿದ, ಕನ್ನಡಕ ಹಾಕುವ, ಕುತ್ತಿಗೆ ನೋವಿರುವ ಮನುಷ್ಯನಿಗೆ ಯಾವುದು ಸರಿ ಹೋಗುತ್ತದೆ ಅಂತ ಹುಡುಕಿದೆ. ಎಲ್ಲೂ ಸಿಗಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಕೆಎಸ್‌ಆರ್‌ಟಿಸಿಯಲ್ಲಿ ಡ್ರೈವರ್ ಆಗಿದ್ದವನು. ಮಡಿಕೇರಿ, ಸಂಪಾಜೆ ಘಾಟಿ, ಸುಳ್ಯ, ಪುತ್ತೂರು. ಈ ಕಡೆ ಕುಶಾಲನಗರ, ಮೈಸೂರು. ಸರ್ವಿಸ್ ಪೂರ್ತಿ ಕೊಡಗಿನ ದೊಡ್ಡ ದೊಡ್ಡ ಮರಗಳ ಕೆಳಗೇ ಬಸ್ ಓಡಿಸಿದ್ದೇನೆ. ಆದರೆ ಆ ಮರಗಳ ಮೇಲೆ ಏನಿದೆ ಅಂತ ನೋಡಿದವನಲ್ಲ. ನೋಡುತ್ತಾ ಕೂತಿದ್ದರೆ ಪ್ಯಾಸೆಂಜರ್‌ಗಳ ಗತಿ ಏನು? ರಿಟೈರ್ ಆದ ಮೇಲೆ ಸುಂಟಿಕೊಪ್ಪದ ಮನೆಯಲ್ಲಿ ಕೂತೆ. ಹಿತ್ತಿಲಲ್ಲಿ ಸ್ವಲ್ಪ ಕಾಫಿ, ಎದುರಿಗೆ ಯಾರದೋ ತೋಟ, ತೋಟದ ತುಂಬ ಹಕ್ಕಿ. ಸದ್ದು ಕೇಳುತ್ತದೆ, ಮುಖ ಕಾಣುವುದಿಲ್ಲ. ಕೊನೆಗೆ ಗ್ರ್ಯಾಚುಯಿಟಿ ದುಡ್ಡಿನಲ್ಲಿ ಒಂದು ಬೈನಾಕ್ಯುಲರ್ ತಗೊಂಡೆ. ಹತ್ತು ಸಾವಿರಕ್ಕೆ ಸ್ವಲ್ಪ ಕಡಿಮೆ. ನಮ್ಮ ಇಪಿಎಸ್ ಪಿಂಚಣಿ ಎಷ್ಟು ಬರುತ್ತದೆ ಅಂತ ಗೊತ್ತಿದ್ದವರಿಗೆ ಇದು ಸಣ್ಣ ಮೊತ್ತ ಅಲ್ಲ ಅಂತ ಬೇರೆ ಹೇಳಬೇಕಾಗಿಲ್ಲ.

ಕಂಪನಿ ಹೆಸರು ಹೇಳುವುದಿಲ್ಲ. ಬೈಯುವುದೂ ಸ್ವಲ್ಪ ಇದೆ, ಹೊಗಳುವುದೂ ಇದೆ. ಅದಕ್ಕಿಂತ ಹೆಚ್ಚಾಗಿ, ಇಲ್ಲಿ ಹೆಸರಿಗಿಂತ ನಂಬರ್ ಮುಖ್ಯ.

ನನ್ನದು 8×42. ಮೊದಲಿನ 8 ಅಂದರೆ ಎಷ್ಟು ಪಟ್ಟು ಹತ್ತಿರ ಕಾಣುತ್ತದೆ ಅನ್ನುವುದು. 42 ಅಂದರೆ ಮುಂದಿನ ಗಾಜಿನ ಅಗಲ, ಮಿಲಿಮೀಟರ್ ಲೆಕ್ಕದಲ್ಲಿ. ದೊಡ್ಡದನ್ನು ಚಿಕ್ಕದರಿಂದ ಭಾಗಿಸಿ. 5.25 ಬರುತ್ತದೆ. ಕಣ್ಣಿಗೆ ಬಂದು ಬೀಳುವ ಬೆಳಕಿನ ಕಂಬದ ದಪ್ಪ ಅದು. ಮಬ್ಬಿನಲ್ಲಿ ನಮ್ಮ ಕಣ್ಣಿನ ಪಾಪೆ ಹಿಗ್ಗುತ್ತದಲ್ವಾ, ಪ್ರಾಯದವರಿಗೆ ಏಳು ಮಿಲಿಮೀಟರ್‌ವರೆಗೂ ಹಿಗ್ಗಬಹುದು. ವಯಸ್ಸಾದ ಹಾಗೆ ಅದು ಕಡಿಮೆಯಾಗುತ್ತದೆ, ಐದರ ಹತ್ತಿರ ಬಂದು ನಿಲ್ಲುತ್ತದೆ. ಅಂದರೆ ಎಂಟು ಪಟ್ಟಿನದ್ದರಲ್ಲಿ 42ಕ್ಕಿಂತ ದೊಡ್ಡ ಗಾಜು ಹೊತ್ತುಕೊಂಡು ಓಡಾಡಿದರೂ ಹೆಚ್ಚಿನ ಬೆಳಕು ನಮ್ಮ ಕಣ್ಣೊಳಗೆ ಹೋಗುವುದೇ ಇಲ್ಲ. ಹೊರೆ ಮಾತ್ರ ಜಾಸ್ತಿ.

ನಮ್ಮ ಪಕ್ಕದ ಮನೆಯ ಮಾವ ಬ್ಯಾಂಕಿನಿಂದ ರಿಟೈರ್ ಆದವರು. ಅವರ ಹತ್ತಿರ 20×50 ಇದೆ, ಮಗ ದುಬೈಯಿಂದ ತಂದುಕೊಟ್ಟದ್ದು. ನಾನು ಎಂಟರದ್ದು ತಂದಾಗ ಅವರು, 'ಏನ್ ಡ್ರೈವರೇ, ಎಂಟೇನಾ?' ಅಂತ ನಕ್ಕರು. ನಗಲಿ. ಇಬ್ಬರೂ ಟೆರೇಸ್ ಮೇಲೆ ನಿಂತು ಎದುರಿನ ಸಿಲ್ವರ್ ಓಕ್ ಮೇಲಿನ ಒಂದು ಕುಟ್ರುಹಕ್ಕಿ ಹುಡುಕಿದೆವು. ನನಗೆ ಬೇಗ ಸಿಕ್ಕಿತು. ಅವರಿಗೆ ಕೊಂಬೆ ಸಿಗುತ್ತದೆ, ಎಲೆ ಸಿಗುತ್ತದೆ, ಹಕ್ಕಿ ಸಿಗುವುದಿಲ್ಲ. ಇಪ್ಪತ್ತು ಪಟ್ಟು ಅಂದರೆ ಕೈ ನಡುಗುವುದೂ ಇಪ್ಪತ್ತು ಪಟ್ಟು ಕಾಣುತ್ತದೆ. ನೋಡುವ ಜಾಗ ಕಿರಿದಾಗುತ್ತದೆ. 50ನ್ನು 20ರಿಂದ ಭಾಗಿಸಿದರೆ ಎರಡೂವರೆ, ಹಾಗಾಗಿ ಮೋಡ ಕವಿದ ದಿನ ಎಲ್ಲ ಮಬ್ಬು. ಹಾಗಂತ ಅದು ದಂಡ ಅಲ್ಲ. ಸ್ಟ್ಯಾಂಡಿಗೆ ಬಿಗಿದು ಡಿಸೆಂಬರ್ ರಾತ್ರಿ ಚಂದ್ರನ ಕಡೆ ತಿರುಗಿಸಿದರೆ ಕುಳಿಗಳೆಲ್ಲ ಕಾಣುತ್ತವೆ. ಗುರು ಗ್ರಹದ ಪಕ್ಕ ಸಾಲಾಗಿ ಚುಕ್ಕಿಗಳು ಕಾಣುತ್ತವೆ, ಅದರ ಚಂದ್ರರು. ಈಗ ಹಗಲು ನನ್ನದು, ರಾತ್ರಿ ಮಾವನದ್ದು ಅಂತ ಒಪ್ಪಂದ ಆಗಿದೆ.

ಕೊಳ್ಳಲು ಮೈಸೂರಿಗೆ ಹೋಗಿದ್ದೆ. ಆನ್‌ಲೈನಿನಲ್ಲಿ ಸ್ವಲ್ಪ ಕಡಿಮೆಗೆ ಸಿಗುತ್ತಿತ್ತು, ನಿಜ. ಆದರೆ ಕನ್ನಡಕ ಹಾಕುವವರು ಇದನ್ನು ನೋಡದೆ ಕೊಳ್ಳಬಾರದು. ಕಣ್ಣು ಗಾಜಿನಿಂದ ಹೆಚ್ಚೆಂದರೆ ಎಷ್ಟು ದೂರ ಇದ್ದರೆ ಪೂರ್ತಿ ಚಿತ್ರ ಕಾಣುತ್ತದೆ ಅನ್ನುವುದಕ್ಕೆ ಒಂದು ಅಳತೆ ಇದೆ, 'ಐ ರಿಲೀಫ್' ಅಂತ ಡಬ್ಬಿಯ ಮೇಲೆ ಬರೆದಿರುತ್ತಾರೆ. ಕನ್ನಡಕದವರಿಗೆ ಅದು ಕನಿಷ್ಠ 15 ಮಿಲಿಮೀಟರ್ ಆದರೂ ಬೇಕು. ಕಡಿಮೆ ಇದ್ದರೆ ಸುತ್ತಲೂ ಕಪ್ಪು ಬಳೆ, ನಡುವೆ ಒಂದು ಚೂರು ಚಿತ್ರ. ಕಣ್ಣಿನ ಹತ್ತಿರ ಇರುವ ರಬ್ಬರ್ ಬಟ್ಟಲನ್ನು ತಿರುಗಿಸಿದರೆ ಮೇಲೆ ಕೆಳಗೆ ಹೋಗುತ್ತದೆ. ಕನ್ನಡಕ ಹಾಕಿದವರು ಪೂರ್ತಿ ಕೆಳಗಿಳಿಸಿ ನೋಡಬೇಕು, ಹಾಕದವರು ಎತ್ತಿ ನೋಡಬೇಕು. ಅಂಗಡಿಯ ಹುಡುಗನಿಗೆ ಇದು ಗೊತ್ತಿರಲಿಲ್ಲ. 'ಸಾರ್, ಕನ್ನಡಕ ತೆಗೆದು ನೋಡಿ' ಅಂತ ಒಂದೇ ಹಠ. ಆದರೆ ಒಳ್ಳೆ ಹುಡುಗ. ಫುಟ್‌ಪಾತಿಗೆ ತಗೊಂಡು ಹೋಗಿ ನೋಡಲು ಬಿಟ್ಟ. ಅಂಗಡಿಯೊಳಗೆ ಟ್ಯೂಬ್‌ಲೈಟಿನಲ್ಲಿ ಎಲ್ಲವೂ ಚೆನ್ನಾಗೇ ಕಾಣುತ್ತವೆ. ಹೊರಗೆ ಬನ್ನಿ, ಮರದ ಕೆಳಗಿನ ನೆರಳು ನೋಡಿ, ಆಗ ಗೊತ್ತಾಗುತ್ತದೆ.

ತಂದ ಮೇಲೆ ಮೊದಲ ಕೆಲಸ ಎರಡೂ ಕಣ್ಣಿಗೆ ಹೊಂದಿಸುವುದು. ನಮ್ಮ ಎರಡು ಕಣ್ಣಿನ ಪವರ್ ಒಂದೇ ಇರುವುದಿಲ್ಲವಲ್ಲ. ನಾನು ಮಾಡಿದ್ದು ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು. ದೂರದಲ್ಲಿ ನಿಂತ ಬಸ್ಸಿನ ಬೋರ್ಡ್ ಹಿಡಿದೆ. ಬಲಗಡೆ ಮುಂದಿನ ಗಾಜನ್ನು ಕೈಯಿಂದ ಮುಚ್ಚಿ, ಎಡಗಣ್ಣಿನಲ್ಲಿ ನೋಡುತ್ತಾ ನಡುವಿನ ಚಕ್ರ ತಿರುಗಿಸಿ, 'ಮಡಿಕೇರಿ' ಅಂತ ಬರೆದದ್ದರ ಗುಡಿಸು ಏತ್ವ ಎಲ್ಲ ಚೂಪಾಗುವ ತನಕ. ಆಮೇಲೆ ಎಡಗಡೆ ಮುಚ್ಚಿ, ಚಕ್ರ ಮುಟ್ಟದೆ, ಬಲಗಣ್ಣಿನ ಹತ್ತಿರ ಇರುವ ಸಣ್ಣ ಬಳೆ ತಿರುಗಿಸಿ ಅದೇ ಅಕ್ಷರ ಚೂಪು ಮಾಡಬೇಕು. ಆ ಬಳೆ ಎಲ್ಲಿ ನಿಂತಿತೋ ಅಲ್ಲಿ ಬಿಳಿ ಪೇಂಟಿನಲ್ಲಿ ಒಂದು ಚುಕ್ಕಿ ಇಟ್ಟುಕೊಳ್ಳಿ. ಯಾಕೆ ಅಂದರೆ ನೀವು ಯಾರಿಗಾದರೂ ನೋಡಲು ಕೊಟ್ಟೇ ಕೊಡುತ್ತೀರಿ. ಅವರು ಅದನ್ನು ತಿರುಗಿಸಿಯೇ ತಿರುಗಿಸುತ್ತಾರೆ. ಡ್ಯೂಟಿ ಮೇಲಿದ್ದ ಹಳೇ ಕಂಡಕ್ಟರ್ ಒಬ್ಬ ನನ್ನ ನೋಡಿ, 'ಏನಣ್ಣ, ಚೆಕಿಂಗ್‌ಗೆ ಸೇರ್ಕೊಂಡ್ರಾ?' ಅಂದ.

ಈಗ ಕಂಡದ್ದು ಹೇಳುತ್ತೇನೆ. ಎದುರು ಸಾಲಿನಲ್ಲಿ ಒಬ್ಬರು ರಿಟೈರ್ಡ್ ಟೀಚರ್ ಇದ್ದಾರೆ, ಕೇರಿಗೆಲ್ಲ ಟೀಚರಕ್ಕ. ಅವರ ಟೆರೇಸಿನಿಂದ ಒಂದು ಹಳೇ ಮರದ ಪೊಟರೆ ನೇರ ಕಾಣುತ್ತದೆ. ಯಾವ ಮರ ಅಂತ ಬರೆಯುವುದಿಲ್ಲ, ಕ್ಯಾಮೆರಾದವರು ಬಂದು ಅದರ ಬುಡದಲ್ಲಿ ಕೂರುವುದು ಬೇಡ. ಬೇಸಿಗೆಯಲ್ಲಿ ಅಲ್ಲಿ ಒಂದು ಗಂಡು ಮಂಗಟ್ಟೆ ಬರುತ್ತಿತ್ತು. ಮಲಬಾರಿನ ಬೂದು ಜಾತಿ, ನಮ್ಮ ಪಶ್ಚಿಮ ಘಟ್ಟ ಬಿಟ್ಟರೆ ಬೇರೆಲ್ಲೂ ಇಲ್ಲದ್ದು. ದೊಡ್ಡ ಮಂಗಟ್ಟೆಗಿರುವ ಹಾಗೆ ಕೊಕ್ಕಿನ ಮೇಲೆ ಕಿರೀಟ ಇದಕ್ಕಿಲ್ಲ. ತೋಟದೊಳಗೆ ಯಾರೋ ಗಹಗಹಿಸಿ ನಗುತ್ತಿದ್ದಾರೆ ಅಂತ ಇಷ್ಟು ವರ್ಷ ಅಂದುಕೊಂಡಿದ್ದೆನಲ್ಲ, ಅದರ ಕೂಗು ಅದು.

ಹೆಣ್ಣು ಪೊಟರೆಯೊಳಗೆ ಕೂತು ಬಾಗಿಲನ್ನು ತನ್ನ ಹಿಕ್ಕೆಯಿಂದಲೇ ಮೆತ್ತಿಕೊಂಡಿರುತ್ತದೆ. ಉದ್ದಕ್ಕೆ ಒಂದು ಸೀಳು ಮಾತ್ರ ಬಿಟ್ಟಿರುತ್ತದೆ. ಗಂಡು ಬಂದು ತೊಗಟೆಗೆ ಬಾಲ ಒತ್ತಿ ನಿಲ್ಲುತ್ತದೆ. ಕೊಕ್ಕು ಖಾಲಿ. 'ಏನೂ ತಂದಿಲ್ಲ ಪಾಪ' ಅಂದರು ಟೀಚರಕ್ಕ. ಬೈನಾಕ್ಯುಲರ್ ನನ್ನ ಕೈಯಲ್ಲಿತ್ತು. ಹಕ್ಕಿ ಕುತ್ತಿಗೆಯನ್ನು ಒಮ್ಮೆ ಹಿಂದಕ್ಕೆ ಜಗ್ಗಿತು. ಗಂಟಲಿನಿಂದ ಒಂದು ಹಣ್ಣು ಕೊಕ್ಕಿನ ತುದಿಗೆ ಬಂದು ನಿಂತಿತು. ಕೆಂಪು ಹಣ್ಣು, ಒದ್ದೆ, ಬಿಸಿಲಿಗೆ ಹೊಳೆಯುತ್ತಿತ್ತು. ಅದನ್ನು ಸೀಳಿನೊಳಗೆ ಕೊಟ್ಟಿತು. ಒಳಗಿನಿಂದ ಬಂದ ಕೊಕ್ಕಿನ ತುದಿ ಅದನ್ನು ತಗೊಂಡಿತು. ಮತ್ತೆ ಜಗ್ಗಿತು, ಮತ್ತೊಂದು ಹಣ್ಣು. ಒಂದಾದ ಮೇಲೆ ಒಂದು. ಎಲ್ಲ ಮುಗಿದ ಮೇಲೆ ಕೊಕ್ಕನ್ನು ಕೊಂಬೆಗೆ ಎರಡೂ ಕಡೆ ಉಜ್ಜಿ ಒರೆಸಿಕೊಂಡು ಹಾರಿತು. ಟೀಚರಕ್ಕನ ಕೈಗೆ ಕೊಟ್ಟೆ. ಅವರು ಬಹಳ ಹೊತ್ತು ವಾಪಸ್ ಕೊಡಲಿಲ್ಲ. ಕೆಳಗೆ ಹಾಲು ಉಕ್ಕಿತು.

ಇಷ್ಟನ್ನೂ ಮರದಿಂದ ದೂರ ನಿಂತು, ಹಕ್ಕಿಗೆ ಗೊತ್ತೇ ಆಗದ ಹಾಗೆ ನೋಡಿದೆವು. ಈ ಸಾಮಾನಿಗೆ ಕೊಟ್ಟ ದುಡ್ಡು ನನ್ನ ಮಟ್ಟಿಗೆ ಅಲ್ಲಿಗೆ ವಸೂಲ್.

ಅಂದಿನಿಂದ ಟೀಚರಕ್ಕ ಒಂದು ಹಳೇ ಹಾಜರಿ ಪುಸ್ತಕ ಹಿಡಿದಿದ್ದಾರೆ. ಎಡಗಡೆ ಹಕ್ಕಿಗಳ ಹೆಸರು: ಪಿಕಳಾರ, ಮಡಿವಾಳ, ಸೂರಕ್ಕಿ, ಕುಟ್ರು, ಗೊರವಂಕ, ಭೀಮರಾಜ. ಮೇಲೆ ತಾರೀಕು. ಕಂಡರೆ ಟಿಕ್, ಕಾಣದಿದ್ದರೆ ಗೈರು. ಸೆಪ್ಟೆಂಬರಿನಲ್ಲಿ ಚರಂಡಿ ಪಕ್ಕ ಬಾಲ ಕುಣಿಸುತ್ತಾ ಬೂದು ಸಿಪಿಲೆ ಬಂತು. ಹಿಮಾಲಯದ ಕಡೆಯಿಂದ ಚಳಿಗಾಲಕ್ಕೆ ಇಳಿದು ಬರುವ ಹಕ್ಕಿ. 'ಹೊಸ ಅಡ್ಮಿಷನ್' ಅಂತ ಬರೆದರು. ಏಪ್ರಿಲ್ ಹೊತ್ತಿಗೆ ಅದು ಹೋಯಿತು. 'ಟಿ.ಸಿ. ತಗೊಂಡಿದೆ' ಅಂತ ಷರಾ. ಭೀಮರಾಜನ ಹೆಸರಿನ ಮುಂದೆ 'ಬಹಳ ತುಂಟ' ಅಂತಲೂ ಇದೆ. ಅದು ಬೇರೆ ಹಕ್ಕಿಗಳ ಕೂಗನ್ನು ಅಣಕಿಸುತ್ತದೆ. ನಾವು ಇಲ್ಲದ ಹಕ್ಕಿಯನ್ನು ಹುಡುಕಿಕೊಂಡು ಟೆರೇಸಿನ ಆ ಮೂಲೆಗೆ ಹೋಗುತ್ತೇವೆ, ಅದು ಅಲ್ಲೇ ತಂತಿ ಮೇಲೆ ಕೂತಿರುತ್ತದೆ.

ಹೆಸರು ಕಲಿಯಲು ಮೊಬೈಲಿನಲ್ಲಿ ಮರ್ಲಿನ್ ಅಂತ ಒಂದು ಆ್ಯಪ್ ಇದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಹಕ್ಕಿ ಸಂಸ್ಥೆಯವರದ್ದು, ಕಾಸಿಲ್ಲ. ಕೂಗು ಕೇಳಿ ಹೆಸರು ಹೇಳುತ್ತದೆ. ಆದರೆ ಜೀರುಂಡೆ ಶುರುವಾದರೆ ಅದಕ್ಕೂ ಏನೂ ಕೇಳುವುದಿಲ್ಲ, ನಮಗೂ ಕೇಳುವುದಿಲ್ಲ. ಅದು ಹೇಳಿದ್ದನ್ನು ಕಣ್ಣಿನಿಂದ ನೋಡಿ ಖಾತ್ರಿ ಮಾಡಿಕೊಳ್ಳುವುದು ಒಳ್ಳೆಯದು, ಭೀಮರಾಜ ಇರುವ ಊರಿನಲ್ಲಂತೂ. ಅದೇ ಸಂಸ್ಥೆಯವರು ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ಹಿತ್ತಿಲಿನ ಹಕ್ಕಿ ಎಣಿಕೆ ನಡೆಸುತ್ತಾರೆ, 1998ರಲ್ಲಿ ಶುರುವಾದದ್ದು. ಹದಿನೈದು ನಿಮಿಷ ಒಂದು ಕಡೆ ಕೂತು ಎಣಿಸಿ ಕಳಿಸಿದರೂ ಸಾಕು. ಟೀಚರಕ್ಕನ ಹಾಜರಿ ಪುಸ್ತಕ ಹೀಗೆ ಅಮೆರಿಕದವರೆಗೂ ಹೋಗುತ್ತದೆ.

ಮೇನ್ ರೋಡಿನಲ್ಲಿ ಹೋಟೆಲ್ ಇಟ್ಟಿರುವ ಕಾಕನಿಗೆ ಆ್ಯಪ್ ಬೇಡ, ಬೈನಾಕ್ಯುಲರೂ ಬೇಡ. ಟೀ ಎತ್ತಿ ಹೊಯ್ಯುತ್ತಲೇ ಕಿವಿಯಲ್ಲೇ ಹೇಳುತ್ತಾರೆ. ತೋಟದ ಕೆಲಸಕ್ಕೆ ಬರುವ ಹೆಂಗಸರೂ ಅಷ್ಟೇ. ಯಾವ ಹಣ್ಣು ಬಿಟ್ಟಾಗ ಯಾವ ಹಕ್ಕಿ ಬರುತ್ತದೆ ಅಂತ ಅವರಿಗೆ ಗೊತ್ತಿರುವಷ್ಟು ನಮ್ಮ ಕೇರಿಯಲ್ಲಿ ಯಾರಿಗೂ ಗೊತ್ತಿಲ್ಲ. ಅತ್ತಿ ಮರ ಹಣ್ಣಾದ ಸುದ್ದಿ ನನಗೆ ಬರುವುದು ಅವರಿಂದಲೇ. ಒಬ್ಬಾಕೆಗೆ ನೋಡಲು ಕೊಟ್ಟೆ. ಒಂದು ಸೂರಕ್ಕಿ ನೋಡಿ, 'ಅಯ್ಯೋ, ಇಷ್ಟು ಬಣ್ಣ ಉಂಟಾ ಇದಕ್ಕೆ' ಅಂದರು. ದಿನಾ ಅದರ ಪಕ್ಕದಲ್ಲೇ ಕಾಫಿ ಕುಯ್ಯುವವರು.

ಸೂರಕ್ಕಿ ಅಂದಾಗ ನೆನಪಾಯಿತು. ಕೊಳ್ಳುವಾಗ ಇನ್ನೊಂದು ಕೇಳಿ: ಎಷ್ಟು ಹತ್ತಿರದ್ದು ಫೋಕಸ್ ಆಗುತ್ತದೆ ಅಂತ. ನನ್ನದು ಎರಡೂವರೆ ಮೀಟರಿನವರೆಗೆ ಆಗುತ್ತದೆ. ಜಗಲಿಯಲ್ಲಿ ಕೂತು ದಾಸವಾಳದ ಮೇಲಿನ ಸೂರಕ್ಕಿ, ಚಿಟ್ಟೆ ಎಲ್ಲ ನೋಡಬಹುದು. ಕಪ್ಪು ಹಳದಿಯ ದೊಡ್ಡ ಸದರ್ನ್ ಬರ್ಡ್‌ವಿಂಗ್, ಅದೇ ನಮ್ಮ ರಾಜ್ಯದ ಚಿಟ್ಟೆ, ಅದು ಗಿಡದ ಮೇಲೆ ಕೂತರೆ ರೆಕ್ಕೆಯ ಕೂದಲು ಕೂಡ ಕಾಣುತ್ತದೆ. ಕೆಲವು ಮಾಡೆಲ್‌ಗಳಲ್ಲಿ ನಾಲ್ಕು ಮೀಟರಿಗಿಂತ ಹತ್ತಿರ ಬಂದರೆ ಮಬ್ಬು. ಮನೆಯಲ್ಲೇ ಹೆಚ್ಚು ಹೊತ್ತು ಇರುವ ನಮ್ಮಂಥವರಿಗೆ ಅದು ನಷ್ಟ.

ಇನ್ನು ಬೈಯುವ ಭಾಗ. ಇದರ ಜೊತೆ ಕೊಟ್ಟ ನೇತುಹಾಕುವ ಪಟ್ಟಿ ಶುದ್ಧ ಮೋಸ. ಬೆರಳಗಲ ಇದೆ. ಬೈನಾಕ್ಯುಲರ್ ಮುಕ್ಕಾಲು ಕಿಲೋ ಹತ್ತಿರ ಬರುತ್ತದೆ. ಅರ್ಧ ಗಂಟೆಯಲ್ಲಿ ಕುತ್ತಿಗೆ ಕೊಯ್ಯುತ್ತದೆ. ಸ್ಟೀರಿಂಗ್ ತಿರುಗಿಸಿ ಸವೆದ ಕುತ್ತಿಗೆ ಬೇರೆ. ಚಪ್ಪಲಿ ಹೊಲಿಯುವವರ ಹತ್ತಿರ ಹಳೇ ಬ್ಯಾಗಿನ ಅಗಲ ಪಟ್ಟಿ ಹೊಲಿಸಿಕೊಂಡೆ, ಹೆಗಲಿನಿಂದ ಅಡ್ಡ ಬರುವ ಹಾಗೆ. ಈಗ ಆರಾಮ. ಮುಂದಿನ ಗಾಜಿನ ಮುಚ್ಚಳಗಳು ಎಷ್ಟು ಸಡಿಲ ಅಂದರೆ ಒಂದು ಮೊದಲ ವಾರವೇ ಕಾಫಿ ಗಿಡಗಳ ಮಧ್ಯೆ ಎಲ್ಲೋ ಬಿತ್ತು, ಸಿಕ್ಕಲಿಲ್ಲ. ಬೇರೆ ಕೊಡಿ ಅಂತ ಕಂಪನಿಗೆ ಬರೆದೆ. 'ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ' ಅಂತ ಉತ್ತರ ಬಂತು, ಮುಚ್ಚಳ ಬರಲಿಲ್ಲ. ಚಕ್ರ ಮಾತ್ರ ಚೆನ್ನಾಗಿದೆ, ಒಂದೇ ಬೆರಳಿಗೆ ನುಣ್ಣಗೆ ತಿರುಗುತ್ತದೆ.

ಕೊಡಗಿನವರು ಮುಖ್ಯವಾಗಿ ಕೇಳಬೇಕಾದದ್ದು ಮಳೆಯ ವಿಷಯ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಏನಕ್ಕೆ ಬೂಷ್ಟು ಹಿಡಿಯುವುದಿಲ್ಲ ಹೇಳಿ? ಬೆಲ್ಟು, ಶೂ, ಮದುವೆ ಆಲ್ಬಮ್, ಕಪಾಟಿನ ಕೋಟು. ಗಾಜಿಗೂ ಹಿಡಿಯುತ್ತದೆ. ಜೇಡರ ಬಲೆಯ ಹಾಗೆ ಒಳಗೆ ಹರಡಿದರೆ ಬಿಚ್ಚಿ ತೊಳೆಯಬೇಕು, ಆ ಖರ್ಚಿನಲ್ಲಿ ಹೊಸದೇ ಬರುತ್ತದೆ. ಅದಕ್ಕೆ ವಾಟರ್‌ಪ್ರೂಫ್, ಒಳಗೆ ನೈಟ್ರೋಜನ್ ತುಂಬಿದ್ದು ಅಂತ ಬರೆದಿರುವುದನ್ನೇ ತಗೊಳ್ಳಿ. ಒಳಗೆ ತೇವದ ಗಾಳಿ ಇರುವುದಿಲ್ಲ, ಮಂಜು ಕಟ್ಟುವುದಿಲ್ಲ. ಸ್ವಲ್ಪ ದುಡ್ಡು ಜಾಸ್ತಿ, ಆದರೆ ಇಲ್ಲಿ ಅದು ಶೋಕಿ ಅಲ್ಲ. ನನ್ನದು ಇಲ್ಲಿಯ ಮಳೆಗಾಲ ಕಳೆದಿದೆ, ಒಳಗಾಜು ಈಗಲೂ ಸ್ವಚ್ಛ.

ಹೊರಗಿನ ಗಾಜನ್ನು ಕಾಯುವುದು ನಮ್ಮ ಕೆಲಸ. ಅದರ ಜೊತೆ ಕೊಟ್ಟ ಬಟ್ಟೆ ಚೀಲದಲ್ಲಿ ಮಳೆಗಾಲದಲ್ಲಿ ಇಡಬೇಡಿ, ತೇವ ಹಿಡಿದಿಡುವುದೇ ಆ ಚೀಲ. ನಾನು ರಬ್ಬರ್ ಅಂಚಿನ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡುತ್ತೇನೆ. ಕಿತ್ತಳೆ ಬಣ್ಣದ ಕಾಳು ಸಿಗುತ್ತವೆ, ತೇವ ಕುಡಿದರೆ ಹಸಿರಾಗುತ್ತವೆ. ಅಡುಗೆಗೆ ಬಳಸದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ಕಿತ್ತಳೆ. ಹಿಂದೆ ಕಪಾಟಿನಲ್ಲಿ ಒಂದು ಬಲ್ಬ್ ಉರಿಸಿಡುತ್ತಿದ್ದೆವು. ಈಗಿನ ಎಲ್‌ಇಡಿಯಲ್ಲಿ ಆ ಬಿಸಿ ಎಲ್ಲಿಂದ ಬರಬೇಕು? ಒಲೆಯ ಮೇಲಿನ ಅಟ್ಟವೂ ಬೇಡ, ಹೊಗೆಯ ಜಿಡ್ಡು ಕೂರುತ್ತದೆ. ಇನ್ನೊಂದು, ಪಂಚೆ ತುದಿಯಿಂದ ಗಾಜು ಒರೆಸಬೇಡಿ. ಬ್ಯಾಂಕ್ ಮಾವ ಒರೆಸುತ್ತಾರೆ, ಎಷ್ಟು ಹೇಳಿದರೂ ಕೇಳುವುದಿಲ್ಲ. ಮೊದಲು ಗಾಳಿ ಊದುವ ರಬ್ಬರ್ ಪಂಪಿನಿಂದ ಧೂಳು ಹಾರಿಸಿ, ಆಮೇಲೆ ಕನ್ನಡಕದ ಮೆತ್ತನೆಯ ಬಟ್ಟೆ.

ಮಾವನ ವಿಷಯ ಇನ್ನೊಂದಿದೆ. ಅವರಿಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ನನ್ನದರಲ್ಲಿ ನೋಡಿಯೂ, 'ಏನೂ ವಿಶೇಷ ಇಲ್ಲ ಮಾರಾಯ' ಅನ್ನುತ್ತಿದ್ದರು. ಪೊರೆ ಇದ್ದರೆ ಲಕ್ಷ ರೂಪಾಯಿಯದ್ದು ಹಿಡಿದರೂ ಅಷ್ಟೇ. ಆಪರೇಷನ್ ಆದ ಮೇಲಿನ ಒಂದು ಮಳೆಗಾಲದ ಬೆಳಿಗ್ಗೆ, ಸಿಳ್ಳಾರ ನಮ್ಮ ಕಾಂಪೌಂಡ್ ಮೇಲೆ ಕೂತಿತ್ತು. ಬೆಳಕು ಹರಿಯುವ ಮೊದಲೇ ಮನುಷ್ಯರ ಹಾಗೆ ಸಿಳ್ಳೆ ಹಾಕುವ ಹಕ್ಕಿ. ಬರಿಗಣ್ಣಿಗೆ ಕಪ್ಪು. ಮಾವ ಬೈನಾಕ್ಯುಲರ್ ಹಿಡಿದು, 'ಹೆಗಲಿನ ಮೇಲೆ ನೀಲಿ ಉಂಟಲ್ಲ! ಹಣೆಯಲ್ಲೂ!' ಅಂತ ಕೂಗಿದರು, ಹಕ್ಕಿ ಹಾರಿಹೋಯಿತು. ಹಳದಿಗಟ್ಟಿದ ಲೆನ್ಸ್ ತೆಗೆದು ಹೊಸದು ಹಾಕಿದ ಮೇಲೆ ನೀಲಿ ಚೆನ್ನಾಗಿ ಕಾಣುತ್ತದಂತೆ. ಹಾಗಾಗಿ ಬೈನಾಕ್ಯುಲರಿಗೆ ಮೊದಲು ಕಣ್ಣಿನ ಡಾಕ್ಟರು.

ಯಾರು ಕೊಳ್ಳಬಾರದು? ಕಾಡಿಗೆ ಹೋಗಿ ಹುಲಿ ನೋಡುತ್ತೇನೆ ಅನ್ನುವವರು ಸುಮ್ನೆ ದುಡ್ಡು ಹಾಕಬೇಡಿ. ವರ್ಷಕ್ಕೆ ಒಂದು ಸಲ ನಾಗರಹೊಳೆ ಸಫಾರಿಗೆ ಹೋಗುವುದಕ್ಕೆ ಯಾರದ್ದಾದರೂ ಕೇಳಿ ತಗೊಂಡರೆ ಆಯಿತು. ಇದು ದಿನಾ ಹಿಡಿಯುವವರಿಗೆ. ನಮ್ಮ ಕಡೆಯವರಿಗೆ ಇನ್ನೊಂದು ಎಚ್ಚರಿಕೆ: ಹಕ್ಕಿ ಹುಚ್ಚಿನಲ್ಲಿ ಬೆಳಕು ಹರಿಯುವ ಮೊದಲು ತೋಟದೊಳಗೆ ನುಗ್ಗಬೇಡಿ. ಆನೆ ಕಾಫಿ ಗಿಡದ ಹಿಂದೆ ನಿಂತರೆ ಎಂಟು ಪಟ್ಟಿನಲ್ಲೂ ಕಾಣುವುದಿಲ್ಲ. ಟೆರೇಸ್ ಇದೆ, ಜಗಲಿ ಇದೆ. ಮೊಮ್ಮಕ್ಕಳ ಕೈಗೆ ಕೊಡುವಾಗ ಸೂರ್ಯನ ಕಡೆ ತಿರುಗಿಸಬಾರದು ಅಂತ ಮೊದಲು ಹೇಳಿ, ಕಣ್ಣು ಹೋಗುತ್ತದೆ. ಪಟ್ಟಿ ಕುತ್ತಿಗೆಗೆ ಹಾಕದೆ ಯಾರೂ ಮುಟ್ಟುವಂತಿಲ್ಲ ಅನ್ನುವುದು ನನ್ನ ರೂಲು. ಟೀಚರಕ್ಕನಿಗೂ ಅದೇ ರೂಲು.

ನಾನು ಐದಕ್ಕೆ ನಾಲ್ಕು ಕೊಡುತ್ತೇನೆ. ಪಟ್ಟಿ, ಮುಚ್ಚಳ ಎರಡಕ್ಕೂ ಸೇರಿ ಒಂದು ಕಟ್. ಟೀಚರಕ್ಕ ಕೇಳಿದರೆ ಐದು ಕೊಡುತ್ತಾರೆ, ಆದರೆ ಅವರು ಇನ್ನೂ ದುಡ್ಡು ಕೊಟ್ಟಿಲ್ಲ. ಈ ಸಲ ಕಾಳುಮೆಣಸು ಮಾರಿದ ಮೇಲೆ ಸ್ವಂತದ್ದು ತಗೊಳ್ಳುತ್ತಾರಂತೆ. ಅವರ ಕೈ ಸಣ್ಣದು, 8×32 ಹಗುರ ಇರುತ್ತದೆ ನೋಡಿ ಅಂದಿದ್ದೇನೆ. ಮಬ್ಬಿನಲ್ಲಿ ಸ್ವಲ್ಪ ಬೆಳಕು ಕಡಿಮೆ, ಅಷ್ಟೇ. ಅವರು ಒಪ್ಪುತ್ತಿಲ್ಲ. 'ನಿಮ್ಮದೇ ಬೇಕು' ಅನ್ನುತ್ತಾರೆ. ನನ್ನಂಥದ್ದೇ ಅಂತಲೋ, ನನ್ನದನ್ನೇ ಅಂತಲೋ, ನಾನು ಬಿಡಿಸಿ ಕೇಳಿಲ್ಲ.